ಅಂಬ್ರೆಲ್ಲಾ ಅಕಾಡೆಮಿಯ ಕೊನೆಯ ಸೀಸನ್: ಪದೇ ಪದೇ ಕೇಳುವ ಪ್ರಶ್ನೆಗಳು

ನೆಟ್‌ಫ್ಲಿಕ್ಸ್‌ನ ಇಂಗ್ಲಿಷ್ ಧಾರಾವಾಹಿ ಅಂಬ್ರೆಲ್ಲಾ ಅಕಾಡೆಮಿಯ ನಾಲ್ಕನೆಯ ಸೀಸನ್ ಬಂದ ಮೇಲೆ ಕಾಸರಗೋಡು, ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯ ಕನ್ನಡಿಗ ಗೆಳೆಯರು, ಕಾಲೇಜು ವಿದ್ಯಾರ್ಥಿಗಳು ಮತ್ತು ಅವರ ಹೆತ್ತವರು ಮಾತಿನ ನಡುವೆಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲಿಯೇ ಇವೆ. ಮೊದಲ ಭಾಗವನ್ನು ಯಾರು ಬೇಕಾದರೂ ಓದಬಹುದು. ಎರಡನೆಯ ಮತ್ತು ಮೂರನೆಯ ಭಾಗಗಳಲ್ಲಿ ಹಿಂದಿನ ಮೂರು ಸೀಸನ್‌ಗಳ ಗುಟ್ಟುಗಳು ಬರುತ್ತವೆ. ಕೊನೆಯ ಭಾಗವನ್ನು ಎಲ್ಲವನ್ನೂ ನೋಡಿ ಮುಗಿಸಿದವರು ಮಾತ್ರ ಓದಬೇಕೆಂದು ವಿನಂತಿ.

## ನೋಡಲು ಹೊರಟವರಿಗೆ

ಇದು ಎಂಥ ಕಥೆ ಮಾರಾಯ್ರೇ, ಸ್ವಲ್ಪದರಲ್ಲಿ ಹೇಳ್ಲಿಕ್ಕೆ ಆಗ್ತದಾ?

1989ರ ಅಕ್ಟೋಬರ್ 1ರ ಮಧ್ಯಾಹ್ನ, ಅಲ್ಲಿಯವರೆಗೆ ಬಸಿರಿನ ಕುರುಹೇ ಇಲ್ಲದಿದ್ದ 43 ಹೆಂಗಸರು ಜಗತ್ತಿನ ಬೇರೆ ಬೇರೆ ಕಡೆಗಳಲ್ಲಿ ಒಂದೇ ಹೊತ್ತಿಗೆ ಮಕ್ಕಳನ್ನು ಹೆರುತ್ತಾರೆ. ರೆಜಿನಾಲ್ಡ್ ಹಾರ್ಗ್ರೀವ್ಸ್ ಎಂಬ ಸಿರಿವಂತನೊಬ್ಬ ಆ ಮಕ್ಕಳಲ್ಲಿ ಏಳು ಮಂದಿಯನ್ನು ಹಣ ಕೊಟ್ಟು ದತ್ತು ತಂದು, ಹೆಸರಿಡದೆ ಒಂದರಿಂದ ಏಳರವರೆಗೆ ಸಂಖ್ಯೆ ಕೊಟ್ಟು, ಅವರ ವಿಶೇಷ ಶಕ್ತಿಗಳನ್ನು ಪಳಗಿಸಿ, ಲೋಕವನ್ನು ಕಾಪಾಡುವ ಪಡೆಯೊಂದನ್ನು ಕಟ್ಟುತ್ತಾನೆ. ಅದಕ್ಕೆ ಅವನು ಇಟ್ಟ ಹೆಸರೇ ಅಂಬ್ರೆಲ್ಲಾ ಅಕಾಡೆಮಿ. ಮಕ್ಕಳು ದೊಡ್ಡವರಾಗುವಷ್ಟರಲ್ಲಿ ಒಬ್ಬ ತೀರಿಹೋಗಿರುತ್ತಾನೆ, ಒಬ್ಬ ಕಾಣೆಯಾಗಿರುತ್ತಾನೆ, ಉಳಿದವರು ಮುಖ ಕೊಟ್ಟು ಮಾತನಾಡದಷ್ಟು ದೂರವಾಗಿರುತ್ತಾರೆ. ಅಪ್ಪ ಸತ್ತ ಸುದ್ದಿ ಕೇಳಿ ಎಲ್ಲರೂ ಹಳೆಯ ಮನೆಗೆ ಬಂದು ಸೇರುವಲ್ಲಿಂದ ಕಥೆ ಹೊರಡುತ್ತದೆ. ಶಕ್ತಿ, ಸಾಹಸ, ಕಾಲಯಾನ ಎಲ್ಲವೂ ಇದರಲ್ಲಿದೆ. ಆದರೂ ನನ್ನ ಮಟ್ಟಿಗೆ ಇದು ಮೊದಲಿನಿಂದ ಕೊನೆಯವರೆಗೆ ಒಂದೇ ಮನೆಯಲ್ಲಿ ಬೆಳೆದು ಪರಸ್ಪರ ಅಪರಿಚಿತರಾಗಿ ಉಳಿದ ಒಡಹುಟ್ಟಿದವರ ಕಥೆ, ಮತ್ತು ಹೊಸ ಸೀಸನ್ನನ್ನೂ ಆ ಅಳತೆಯಿಂದಲೇ ಅಳೆಯಬೇಕು.

ಹೊಸ ಸೀಸನ್ ಯಾವಾಗ ಬಂತು, ಎಷ್ಟು ಕಂತು ಉಂಟು?

2024ರ ಆಗಸ್ಟ್ 8ರಂದು ನೆಟ್‌ಫ್ಲಿಕ್ಸ್‌ನಲ್ಲಿ ಆರೂ ಕಂತುಗಳು ಒಟ್ಟಿಗೆ ಬಂದವು. ಮೊದಲ ಸೀಸನ್ 2019ರ ಫೆಬ್ರವರಿ 15ರಂದು, ಎರಡನೆಯದು 2020ರ ಜುಲೈ 31ರಂದು, ಮೂರನೆಯದು 2022ರ ಜೂನ್ 22ರಂದು ಬಂದಿದ್ದವು. ಆ ಮೂರರಲ್ಲಿಯೂ ತಲಾ ಹತ್ತು ಕಂತುಗಳಿದ್ದುದರಿಂದ ಇಡೀ ಧಾರಾವಾಹಿ 36 ಕಂತುಗಳಿಗೆ ಮುಗಿದಿದೆ. ಐದನೆಯ ಸೀಸನ್ ಇಲ್ಲ. ನಾಲ್ಕನೆಯದೇ ಕೊನೆಯದೆಂದು 2022ರಲ್ಲಿಯೇ ಘೋಷಿಸಲಾಗಿತ್ತು.

ಹಿಂದಿನ ಮೂರು ಸೀಸನ್ ಬಿಟ್ಟು ನೇರ ನಾಲ್ಕನೆಯದ್ದು ನೋಡಿದರೆ ಅರ್ಥ ಆಗ್ತದಾ?

ಆಗುವುದಿಲ್ಲ. ಘಟನೆಗಳು ಹೇಗೋ ಅರ್ಥವಾದಾವು, ಆದರೆ ಅವುಗಳ ಭಾರ ತಟ್ಟುವುದಿಲ್ಲ. ನಾಲ್ಕನೆಯ ಸೀಸನ್ನಿನಲ್ಲಿ ಆ ಏಳು ಮಂದಿಯಲ್ಲಿ ಒಬ್ಬನಾದ ವಿಕ್ಟರ್ ಅಪ್ಪನ ಎದುರು ನಿಂತು ಆಡುವ ಮಾತಿಗೆ ಮೊದಲ ಸೀಸನ್ನಿನ ನೆಲಮಾಳಿಗೆಯನ್ನು ಕಂಡವರ ಎದೆ ಮಾತ್ರ ಅಲುಗುತ್ತದೆ. ಸಮಯ ಕಡಿಮೆಯಿದ್ದವರು ಮೊದಲ ಸೀಸನ್ನನ್ನು ಪೂರ್ತಿಯಾಗಿ ನೋಡಿ, ಎರಡು ಮತ್ತು ಮೂರರ ಸಾರಾಂಶಕ್ಕೆ ಈ ಬರಹದ ಮೂರನೆಯ ಭಾಗವನ್ನು ಓದಿಕೊಳ್ಳಬಹುದು. ಆದರೂ ಎರಡನೆಯ ಸೀಸನ್ನನ್ನು ಬಿಡುವುದು ನಷ್ಟವೇ ಸರಿ. ಕಥೆಯ ಹೆಣಿಗೆಯಲ್ಲಿ ನಾಲ್ಕರಲ್ಲಿಯೂ ಅದೇ ಅತ್ಯಂತ ಗಟ್ಟಿ.

ಮನೆಯಲ್ಲಿ ಅಜ್ಜ ಅಜ್ಜಿ, ಸಣ್ಣ ಮಕ್ಕಳು ಎಲ್ಲ ಒಟ್ಟಿಗೆ ಕೂತು ನೋಡಬಹುದಾ?

ಸಣ್ಣ ಮಕ್ಕಳೊಂದಿಗೆ ಬೇಡ. ಶಾಲೆಯ ಸಮವಸ್ತ್ರ ತೊಟ್ಟ ಮಕ್ಕಳು, ಕೋಟು ಹಾಕಿಕೊಂಡ ಮಾತನಾಡುವ ಚಿಂಪಾಂಜಿ ಇವನ್ನೆಲ್ಲ ಚಿತ್ರಗಳಲ್ಲಿ ಕಂಡು ಇದು ಮಕ್ಕಳ ಕಾರ್ಯಕ್ರಮವೆಂದು ಭಾವಿಸುವವರಿದ್ದಾರೆ. ಒಳಗೆ ರಕ್ತಪಾತವಿದೆ, ಕುಡಿತ ಮತ್ತು ಮಾದಕ ವಸ್ತುಗಳ ದೃಶ್ಯಗಳಿವೆ, ಬೈಗುಳಗಳಿವೆ. ನಾಲ್ಕನೆಯ ಸೀಸನ್ನಿನಲ್ಲಿ ಇವೆಲ್ಲವೂ ಇನ್ನಷ್ಟು ಢಾಳಾಗಿವೆ. ಹೈಸ್ಕೂಲು ದಾಟಿದ ಮಕ್ಕಳೊಂದಿಗೆ ನೋಡುವ ಹೆತ್ತವರು ಜೊತೆಯಲ್ಲಿ ಕುಳಿತೇ ನೋಡುವುದು ಒಳ್ಳೆಯದು, ಏಕೆಂದರೆ ಮಕ್ಕಳನ್ನು ಬೆಳೆಸುವ ರೀತಿಯ ಬಗ್ಗೆ ಈ ಕಥೆ ಎತ್ತುವ ಪ್ರಶ್ನೆಗಳಿಗೆ ಆಮೇಲೆ ಮನೆಯಲ್ಲಿ ಮಾತು ಬೇಕಾಗುತ್ತದೆ. ಹಿರಿಯರ ವಿಷಯ ಅವರವರ ಅಭಿರುಚಿಗೆ ಬಿಟ್ಟದ್ದು.

ಇಂಗ್ಲಿಷ್ ಅಷ್ಟು ಬೇಗ ತಲೆಗೆ ಹೋಗುವುದಿಲ್ಲ. ಎಂಥ ಮಾಡುವುದು?

ಮೂಲ ಸಂಭಾಷಣೆ ಇಂಗ್ಲಿಷಿನಲ್ಲಿದೆ. ಏಳು ಮಂದಿಯಲ್ಲಿ ಕ್ಲಾಸ್ ಎಂಬವನು ನುಂಗಿ ನುಂಗಿ ಮಾತನಾಡುತ್ತಾನೆ, ಫೈವ್ ಎಂಬವನು ಒಂದೇ ಉಸಿರಿಗೆ ಹತ್ತು ಮಾತು ಹೇಳಿ ಮುಗಿಸುತ್ತಾನೆ. ನೋಡುತ್ತಿರುವಾಗ ತೆರೆಯ ಮೇಲೆ ಬರುವ ಭಾಷೆಯ ಆಯ್ಕೆಯನ್ನು ಒತ್ತಿದರೆ ನಿಮ್ಮ ಖಾತೆಯಲ್ಲಿ ಯಾವ ಧ್ವನಿ, ಯಾವ ಅಡಿಬರಹಗಳಿವೆ ಎಂಬುದು ಕಾಣುತ್ತದೆ. ಕನ್ನಡ, ತುಳು, ಮಲಯಾಳ, ಕೊಂಕಣಿಗಳ ನಡುವೆ ದಿನವೂ ಓಡಾಡುವ ಗಡಿನಾಡಿನ ಕಿವಿಗಳಿಗೆ ಹೊಸ ಉಚ್ಚಾರಣೆ ಬೇಗನೆ ಪಳಗುತ್ತದೆ. ಆದುದರಿಂದ ಮೂಲ ಧ್ವನಿಯನ್ನೇ ಇಟ್ಟುಕೊಂಡು, ಇಂಗ್ಲಿಷ್ ಅಡಿಬರಹವನ್ನು ಓದುತ್ತ ನೋಡುವುದು ಉತ್ತಮವೆಂದು ನನ್ನ ಅಭಿಪ್ರಾಯ. ಈ ಸೀಸನ್ ಬಂದದ್ದೇ ಆಟಿ ತಿಂಗಳಲ್ಲಿ. ಗಾಳಿ ಮಳೆಗೆ ಕರೆಂಟು ಹೋಗುವ ಕಡೆಯವರು ಕಂತುಗಳನ್ನು ಮೊದಲೇ ಫೋನಿಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು.

ಶಕ್ತಿಮಾನ್, ಮಿನ್ನಲ್ ಮುರಳಿ ಎಲ್ಲ ನೋಡಿದವರಿಗೆ ಇದು ಹಿಡಿಸ್ತದಾ?

1997ರಿಂದ ದೂರದರ್ಶನದಲ್ಲಿ ಬಂದ ಶಕ್ತಿಮಾನ್‌ನಲ್ಲಿ ಶಕ್ತಿ ಎಂಬುದು ಸಾಧನೆಯ ಫಲ. ನಾಯಕನಲ್ಲಿ ಸಂದೇಹವಿಲ್ಲ, ಅವನ ಒಳ್ಳೆಯತನದಲ್ಲಿ ನಮಗೂ ಸಂದೇಹವಿಲ್ಲ. 2021ರ ಮಲಯಾಳ ಚಿತ್ರ ಮಿನ್ನಲ್ ಮುರಳಿಯಲ್ಲಿ ಒಂದೇ ಸಿಡಿಲು ಇಬ್ಬರಿಗೆ ಬಡಿದು, ಊರು ಪ್ರೀತಿಸಿದವನು ನಾಯಕನಾಗುತ್ತಾನೆ, ಊರು ಹೊರಗಿಟ್ಟವನು ಎದುರಾಳಿಯಾಗುತ್ತಾನೆ. ಅಂಬ್ರೆಲ್ಲಾ ಅಕಾಡೆಮಿ ಈ ಎರಡನೆಯ ದಾರಿಗೆ ಹತ್ತಿರ, ಮತ್ತು ಅದರಲ್ಲಿ ಇನ್ನೂ ಮುಂದೆ ಹೋಗುತ್ತದೆ. ಇಲ್ಲಿ ಪ್ರೀತಿ ಸಿಕ್ಕವರು ಯಾರೂ ಇಲ್ಲ. ಏಳು ಮಂದಿಯೂ ತಮ್ಮ ತಮ್ಮ ಶಕ್ತಿಯಿಂದಲೇ ಗಾಯಗೊಂಡವರು. ಗೆಲುವಿನ ಖುಷಿಯನ್ನು ಮಾತ್ರ ಬಯಸಿ ಕುಳಿತರೆ ನಿರಾಶೆಯಾದೀತು.

## ಮನೆ ಮತ್ತು ಮನೆಯವರು

ಇಷ್ಟು ಮಂದಿ ಇದ್ದಾರೆ. ಯಾರು ಯಾರು ಅಂತ ನೆನಪಿಟ್ಟುಕೊಳ್ಳುವುದು ಹೇಗೆ?

ಅಪ್ಪ ಕೊಟ್ಟ ಸಂಖ್ಯೆಯ ಕ್ರಮದಲ್ಲಿ ನೆನಪಿಟ್ಟುಕೊಂಡರೆ ಸುಲಭ. ಒಂದನೆಯವನು ಲೂಥರ್ (ಟಾಮ್ ಹಾಪರ್), ಮಹಾಬಲಶಾಲಿ. ಎರಡನೆಯವನು ಡಿಯಾಗೊ (ಡೇವಿಡ್ ಕಸ್ತನ್ಯೇಡಾ), ಎಸೆದ ಚೂರಿಯ ದಾರಿಯನ್ನು ಗಾಳಿಯಲ್ಲಿಯೇ ತಿರುಗಿಸಬಲ್ಲವನು. ಮೂರನೆಯವಳು ಆಲಿಸನ್ (ಎಮಿ ರೇವರ್ ಲ್ಯಾಂಪ್‌ಮನ್), ಅವಳು ಹೀಗೊಂದು ಸುದ್ದಿ ಕೇಳಿದೆ ಎಂದು ಹೇಳಿದರೆ ಸಾಕು, ಎದುರಿನವರು ಹಾಗೆಯೇ ನಡೆದುಕೊಳ್ಳುತ್ತಾರೆ. ನಾಲ್ಕನೆಯವನು ಕ್ಲಾಸ್ (ರಾಬರ್ಟ್ ಶೀಹನ್), ಸತ್ತವರನ್ನು ಕಾಣುವವನು. ಐದನೆಯವನಿಗೆ ಫೈವ್ ಎಂಬುದೇ ಹೆಸರು (ಏಡನ್ ಗ್ಯಾಲಗರ್), ಅವನು ಜಾಗದಿಂದ ಜಾಗಕ್ಕೆ, ಕಾಲದಿಂದ ಕಾಲಕ್ಕೆ ಜಿಗಿಯಬಲ್ಲವನು. ಹದಿಮೂರನೆಯ ವಯಸ್ಸಿನಲ್ಲಿ ಹಟ ಮಾಡಿ ಭವಿಷ್ಯಕ್ಕೆ ಹಾರಿ, ನಾಶವಾದ ಲೋಕದಲ್ಲಿ ಸಿಕ್ಕಿಬಿದ್ದು, ದಶಕಗಳ ಬಳಿಕ ಮರಳುವಾಗ ಐವತ್ತೆಂಟರ ಮನಸ್ಸು ಹುಡುಗನ ದೇಹದಲ್ಲಿ ಉಳಿದುಹೋಗಿರುತ್ತದೆ. ಆರನೆಯವನು ಬೆನ್ (ಜಸ್ಟಿನ್ ಮಿನ್), ಅವನ ಮೈಯೊಳಗಿಂದ ಅಷ್ಟಪದಿಯಂಥ ಬಾಹುಗಳು ಹೊರಡುತ್ತವೆ. ಏಳನೆಯದು ವಿಕ್ಟರ್ (ಎಲಿಯಟ್ ಪೇಜ್), ಸದ್ದನ್ನು ಶಕ್ತಿಯಾಗಿ ಮಾರ್ಪಡಿಸಬಲ್ಲವನು. ಇವರ ಜೊತೆಗೆ ಅಪ್ಪ ರೆಜಿನಾಲ್ಡ್ (ಕಾಮ್ ಫಿಯೋರ್), ಅಮ್ಮನ ಸ್ಥಾನದಲ್ಲಿ ಗ್ರೇಸ್ ಎಂಬ ಯಂತ್ರಮಾನವಿ, ಮತ್ತು ಆಗಲೇ ಹೇಳಿದ ಚಿಂಪಾಂಜಿ ಪೋಗೊ.

ಅಪ್ಪ ಯಾಕೆ ಇಷ್ಟು ಕಲ್ಲು ಮನಸ್ಸಿನವನು? ಅವನೂ ಲೋಕಕ್ಕಾಗಿಯೇ ಅಲ್ವಾ ಮಾಡಿದ್ದು?

ನಮ್ಮಲ್ಲಿ ಹಿರಿಯರು ಹೆಚ್ಚಾಗಿ ಕೇಳುವ ಪ್ರಶ್ನೆ ಇದು, ಮತ್ತು ಇದಕ್ಕೆ ವಿವರವಾಗಿಯೇ ಉತ್ತರಿಸಬೇಕು.

ಮೊದಲ ಸೀಸನ್ನಿನಲ್ಲಿ ಊಟದ ಕೋಣೆಯ ದೃಶ್ಯವೊಂದಿದೆ. ಉದ್ದನೆಯ ಮೇಜು. ಮಕ್ಕಳೆಲ್ಲ ತಮ್ಮ ತಮ್ಮ ಕುರ್ಚಿಯ ಹಿಂದೆ ನಿಂತಿದ್ದಾರೆ. ಅಪ್ಪ ಕುಳಿತುಕೊಳ್ಳಿ ಎಂದು ಒಂದೇ ಪದದಲ್ಲಿ ಆಜ್ಞೆ ಕೊಟ್ಟ ಮೇಲೆ ಕುಳಿತುಕೊಳ್ಳುತ್ತಾರೆ. ಊಟದ ಹೊತ್ತಿಗೆ ಮಾತನಾಡುವಂತಿಲ್ಲ. ಮಾತಿನ ಬದಲು ಗ್ರಾಮಫೋನಿನಲ್ಲಿ ಪರ್ವತಾರೋಹಣದ ಪಾಠ ನಡೆಯುತ್ತಿದೆ. ಫೈವ್ ಚೂರಿಯನ್ನು ಮೇಜಿಗೆ ಚುಚ್ಚಿ, ನನಗೊಂದು ಪ್ರಶ್ನೆಯಿದೆ ಎನ್ನುತ್ತಾನೆ. ಮಗುವೊಂದು ತನ್ನ ಮನೆಯ ಊಟದ ಮೇಜಿನಲ್ಲಿ ಮಾತೆತ್ತಬೇಕಾದರೆ ಚೂರಿ ಚುಚ್ಚಬೇಕಾದ ಸ್ಥಿತಿ. ಇಡೀ ಧಾರಾವಾಹಿಯನ್ನು ಈ ಒಂದು ದೃಶ್ಯದಿಂದ ಅರ್ಥಮಾಡಿಕೊಳ್ಳಬಹುದೆಂದು ನಾನು ನಂಬಿದ್ದೇನೆ.

ಮುಂದೆ ಒಂದೊಂದಾಗಿ ಹೊರಬೀಳುವ ಸಂಗತಿಗಳೆಲ್ಲ ಇದರ ವಿಸ್ತರಣೆಗಳೇ. ಸತ್ತವರ ಭಯ ಹೋಗಲಿ ಎಂದು ಎಳೆಯ ಕ್ಲಾಸ್‌ನನ್ನು ರಾತ್ರಿಯಲ್ಲಿ ಸಮಾಧಿಗೃಹದೊಳಗೆ ಕೂಡಿಹಾಕಲಾಗಿತ್ತು. ದೊಡ್ಡವನಾದ ಮೇಲೆ ಅವನು ಅಮಲಿಗೆ ಮೊರೆಹೋಗುವುದು ಆ ದನಿಗಳನ್ನು ಅಡಗಿಸುವುದಕ್ಕಾಗಿ. ಮನೆ ಬಿಡದೆ ಉಳಿದ ವಿಧೇಯ ಮಗ ಲೂಥರ್‌ನನ್ನು ನಾಲ್ಕು ವರ್ಷ ಚಂದ್ರನ ಮೇಲೆ ಒಂಟಿಯಾಗಿ ಇರಿಸಲಾಗಿತ್ತು. ಅವನು ಅಲ್ಲಿಂದ ಕಳುಹಿಸಿದ ಮಾದರಿಗಳ ಪೊಟ್ಟಣಗಳನ್ನು ಅಪ್ಪ ಬಿಚ್ಚಿಯೂ ನೋಡಿರಲಿಲ್ಲ ಎಂಬುದು ಅಪ್ಪ ಸತ್ತ ಮೇಲೆ ಅವನಿಗೆ ಗೊತ್ತಾಗುತ್ತದೆ. ಡಿಯಾಗೊ ಉಗ್ಗುತ್ತಿದ್ದಾಗ ಪಕ್ಕದಲ್ಲಿ ಕುಳಿತು, ಪದವನ್ನು ಮೊದಲು ಮನಸ್ಸಿನಲ್ಲಿ ಕಂಡುಕೋ ಎಂದು ಹೇಳಿಕೊಟ್ಟವಳು ಯಂತ್ರವಾದ ಗ್ರೇಸ್. ಮಕ್ಕಳಿಗೆ ಹೆಸರು ಸಿಕ್ಕಿದ್ದೂ ಅವಳಿಂದಲೇ.

ಲೋಕಕ್ಕಾಗಿ ಎಂಬ ವಾದವನ್ನು ಕಥೆಯೇ ಪರೀಕ್ಷೆಗೆ ಒಡ್ಡುತ್ತದೆ. ಅವನು ತಡೆಯಬೇಕೆಂದಿದ್ದ ಪ್ರಳಯ ಹುಟ್ಟುವುದು ಅವನೇ ಕೂಡಿಹಾಕಿದ ಮಗುವಿನಿಂದ. ಮೂರನೆಯ ಸೀಸನ್ನಿನ ಹೊತ್ತಿಗೆ ಅವನ ಗುರಿ ಲೋಕವೂ ಆಗಿರಲಿಲ್ಲ, ಕಳೆದುಕೊಂಡ ಹೆಂಡತಿಯನ್ನು ಮರಳಿ ಪಡೆಯುವುದಾಗಿತ್ತು ಎಂಬುದು ತಿಳಿಯುತ್ತದೆ. ಆ ದುಃಖ ನಿಜವಾದದ್ದು, ನಟ ಅದನ್ನು ಘನತೆಯಿಂದ ಅಭಿನಯಿಸಿದ್ದಾರೆ. ಆದರೂ ಅದು ಏಳು ಬಾಲ್ಯಗಳಿಗೆ ಕೊಟ್ಟ ಶಿಕ್ಷೆಯನ್ನು ನ್ಯಾಯವಾಗಿಸುವುದಿಲ್ಲ.

ಮೊದಲು ವಾನ್ಯಾ ಇದ್ದಳಲ್ಲ, ಈಗ ವಿಕ್ಟರ್ ಅಂತಾರೆ. ನಟ ಬದಲಾದದ್ದಾ?

ನಟ ಬದಲಾಗಿಲ್ಲ. ಮೊದಲ ಎರಡು ಸೀಸನ್‌ಗಳಲ್ಲಿ ವಾನ್ಯಾ ಎಂಬ ಹೆಸರಿನಲ್ಲಿ ಬಂದ ಪಾತ್ರವೇ ಮೂರನೆಯದರಿಂದ ವಿಕ್ಟರ್. ನಟ ಎಲಿಯಟ್ ಪೇಜ್ ತಾವು ಟ್ರಾನ್ಸ್‌ಜೆಂಡರ್ ಎಂಬುದನ್ನು 2020ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ತಿಳಿಸಿದರು. ಆ ಬಳಿಕ ಬಂದ ಸೀಸನ್ನಿನಲ್ಲಿ ಪಾತ್ರವೂ ಕೂದಲು ಕತ್ತರಿಸಿಕೊಂಡು ಬಂದು, ತನ್ನ ಹೆಸರು ಇನ್ನು ವಿಕ್ಟರ್ ಎಂದು ಒಡಹುಟ್ಟಿದವರಿಗೆ ಹೇಳುತ್ತದೆ. ಅವರು ಒಂದೆರಡು ಮಾತಿನಲ್ಲಿ ಒಪ್ಪಿಕೊಂಡು ಮುಂದಿನ ಕೆಲಸಕ್ಕೆ ಹೊರಡುತ್ತಾರೆ. ಸಣ್ಣ ಸಣ್ಣದಕ್ಕೂ ಜಗಳವಾಡುವ ಈ ಮನೆಯವರು ಈ ಒಂದು ವಿಷಯದಲ್ಲಿ ಜಗಳವಾಡದೆ ಇರುವುದು ನನಗೆ ಬಹಳ ಇಷ್ಟವಾಯಿತು.

ಲೈಲಾ ನಮ್ಮ ದೇಶದವಳಾ?

ಲೈಲಾ ಪಿಟ್ಸ್ ಪಾತ್ರವನ್ನು ಮಾಡಿದ ರಿತು ಆರ್ಯಾ ಭಾರತೀಯ ಮೂಲದ ಬ್ರಿಟಿಷ್ ನಟಿ. ಪಾತ್ರವೂ ಬ್ರಿಟನ್ನಿನಲ್ಲಿ ಹುಟ್ಟಿದ್ದು. ಅವಳೂ ಆ 43 ಮಕ್ಕಳಲ್ಲಿ ಒಬ್ಬಳು, ಎದುರಿಗಿದ್ದವರ ಶಕ್ತಿಯನ್ನು ಹಾಗೆಯೇ ಅನುಕರಿಸಬಲ್ಲವಳು. ಎರಡನೆಯ ಸೀಸನ್ನಿನಲ್ಲಿ ಶತ್ರುಪಕ್ಷದ ಸಾಕುಮಗಳಾಗಿ ಬಂದು, ಡಿಯಾಗೊನನ್ನು ಪ್ರೀತಿಸಿ, ಕೊನೆಗೆ ಈ ಮನೆಯವಳೇ ಆಗುತ್ತಾಳೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದರಲ್ಲಿ ಹೊಸತು ಎಂಥ ಉಂಟು?

ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆಯ ಸೀಮೆಯಲ್ಲಿ ಈ ಪ್ರಶ್ನೆ ಬಾರದೆ ಇರುವುದಿಲ್ಲ. ದೈವದತ್ತವಾದ ಶಕ್ತಿಯೊಂದಿಗೆ ಹುಟ್ಟಿದ ಮಕ್ಕಳು, ಒಂದೇ ತಾಯಿಯ ಮಕ್ಕಳಾಗಿದ್ದೂ ಎದುರುಬದುರಾಗಿ ನಿಲ್ಲುವವರು, ಹುಟ್ಟಿನ ಗುಟ್ಟು ಇವೆಲ್ಲ ನಮ್ಮ ರಂಗಸ್ಥಳಕ್ಕೆ ತೀರಾ ಪರಿಚಿತ. ತಾಳಮದ್ದಳೆಯಲ್ಲಿ ಕರ್ಣಭೇದನ ಪ್ರಸಂಗವನ್ನು ಕೇಳಿದವರಿಗೆ ವಿಕ್ಟರ್‌ನ ಪಾತ್ರ ಕೂಡಲೇ ಹತ್ತಿರವಾಗುತ್ತದೆ. ನೀನು ಯಾರೆಂಬುದನ್ನು ನಿನ್ನಿಂದ ಮರೆಸಿಡಲಾಗಿತ್ತು ಎಂಬ ಮಾತು ಕಿವಿಗೆ ಬಿದ್ದ ಕ್ಷಣದಲ್ಲಿ ಕರ್ಣನಿಗೆ ಆಗುವುದು ಸಂತೋಷವೋ ಸಂಕಟವೋ ಎಂಬುದನ್ನು ಒಳ್ಳೆಯ ಅರ್ಥಧಾರಿಗಳು ಗಂಟೆಗಟ್ಟಲೆ ಬಿಡಿಸಿಡುತ್ತಾರೆ.

ವಿಕ್ಟರ್‌ನ ಕಥೆಯೂ ಅದೇ. ಎಳವೆಯಲ್ಲಿ ಆ ಮಗುವಿನ ಶಕ್ತಿ ಎಲ್ಲರಿಗಿಂತ ಪ್ರಬಲವಾಗಿತ್ತು. ಅಪ್ಪನಿಗೆ ಅದನ್ನು ಪಳಗಿಸಲಾಗಲಿಲ್ಲ. ಸದ್ದು ಒಳಹೊಗದ ನೆಲಮಾಳಿಗೆಯ ಕೋಣೆಯಲ್ಲಿ ಕೂಡಿಹಾಕಿ, ಮಾತ್ರೆಗಳಿಂದ ಮಂಕುಗೊಳಿಸಿ, ಕೊನೆಗೆ ಪುಟ್ಟ ಆಲಿಸನ್‌ಳನ್ನೇ ಕರೆತಂದು, ನೀನು ಸಾಮಾನ್ಯಳೆಂದು ನಂಬಿಕೊಂಡಿದ್ದೀಯಂತೆ ಎಂದು ಅವಳ ಬಾಯಿಂದ ಹೇಳಿಸುತ್ತಾನೆ. ತಂಗಿಯ ಬಾಯಿಂದಲೇ ಆ ಮಾತು. ಮಗು ಅದನ್ನು ನಂಬಿ, ಪಿಟೀಲು ನುಡಿಸುವ ನಿರುಪಯೋಗಿ ಏಳನೆಯದಾಗಿ ಬೆಳೆದು, ತನ್ನ ಒಂಟಿತನದ ಬಗ್ಗೆ ಆತ್ಮಕಥೆ ಬರೆದು, ಮನೆಯವರ ಸಿಟ್ಟಿಗೆ ಗುರಿಯಾಗುತ್ತದೆ.

ವ್ಯತ್ಯಾಸವಿರುವುದು ಮುಂದಿನ ಹೆಜ್ಜೆಯಲ್ಲಿ. ಕರ್ಣನಿಗೆ ಋಣವಿದೆ, ಕೊಟ್ಟ ಮಾತಿದೆ, ಆದುದರಿಂದ ಅವನು ಗುಟ್ಟು ತಿಳಿದ ಮೇಲೂ ಕೌರವನ ಪಕ್ಷದಲ್ಲಿಯೇ ನಿಲ್ಲುತ್ತಾನೆ. ವಿಕ್ಟರ್‌ಗೆ ಕಟ್ಟಿಕೊಳ್ಳಲು ಯಾವ ಋಣವೂ ಇಲ್ಲ. ಆ ಬರಿದಾದ ಎದೆಯ ಸಿಟ್ಟು ಚಂದ್ರನನ್ನೇ ಒಡೆದುಬಿಡುತ್ತದೆ. ಹೊಸತು ಎಂದರೆ ಇದು: ಇಲ್ಲಿ ಧರ್ಮಸಂಕಟದ ಜಾಗದಲ್ಲಿ ಬಾಲ್ಯದ ಗಾಯವಿದೆ, ಮತ್ತು ಎರಡನೆಯ ಸೀಸನ್ನಿನಿಂದ ಆಚೆಗೆ ಒಡಹುಟ್ಟಿದವರು ಸೇರಿ ಆ ಋಣವನ್ನು ಹೊಸದಾಗಿ ಕಟ್ಟಿಕೊಳ್ಳಲು ಯತ್ನಿಸುತ್ತಾರೆ.

## ಹಿಂದಿನ ಕಥೆಯ ನೆನಪು

ಪ್ರತಿ ಸಲವೂ ಲೋಕ ಮುಳುಗುವುದೇ ಅಲ್ವಾ? ಅದೇ ಕಥೆ ಮತ್ತೆ ಮತ್ತೆ ಯಾಕೆ?

ಆಕ್ಷೇಪ ನ್ಯಾಯವಾದದ್ದು. ಮೊದಲ ಸೀಸನ್ನಿನಲ್ಲಿ 2019ರಲ್ಲಿ ಲೋಕ ನಾಶವಾಗಲು ಎಂಟೇ ದಿನಗಳಿವೆ ಎಂದು ಫೈವ್ ಬಂದು ಹೇಳುತ್ತಾನೆ. ಅವರು ಅದನ್ನು ತಡೆಯಲಾಗದೆ ಕಾಲದಲ್ಲಿ ಹಿಂದಕ್ಕೆ ಜಿಗಿಯುತ್ತಾರೆ. ಎರಡನೆಯದರಲ್ಲಿ 1960ರ ದಶಕದ ಆರಂಭದ ಡಲ್ಲಾಸ್ ನಗರದಲ್ಲಿ ಒಬ್ಬೊಬ್ಬರು ಒಂದೊಂದು ವರ್ಷದಲ್ಲಿ ಬಂದು ಬೀಳುತ್ತಾರೆ. ಅಧ್ಯಕ್ಷ ಕೆನಡಿಯವರ ಹತ್ಯೆ ನಡೆದ 1963ರ ನವೆಂಬರ್‌ನಲ್ಲಿ ಅಣ್ವಸ್ತ್ರ ಯುದ್ಧದ ರೂಪದಲ್ಲಿ ಪ್ರಳಯ ಕಾದಿರುತ್ತದೆ. ಅದನ್ನು ತಪ್ಪಿಸಿ ಮರಳಿದರೆ ಮನೆಯಲ್ಲಿ ಸ್ಪ್ಯಾರೋ ಅಕಾಡೆಮಿ ಎಂಬ ಬೇರೊಂದು ಮಕ್ಕಳ ಪಡೆ ಇರುತ್ತದೆ. 1963ರಲ್ಲಿ ಇವರನ್ನು ಕಂಡು ಬೇಸತ್ತ ಅಪ್ಪ 1989ರಲ್ಲಿ ಬೇರೆ ಮಕ್ಕಳನ್ನು ದತ್ತು ಪಡೆದಿರುತ್ತಾನೆ. ಬೆನ್ ಮಾತ್ರ ಅಲ್ಲಿಯೂ ಇದ್ದಾನೆ, ಆದರೆ ಆ ಬೆನ್‌ಗೆ ಇವರು ಯಾರೂ ಗೊತ್ತಿಲ್ಲ. ಮೂರನೆಯದರಲ್ಲಿ ಇವರ ಹೆತ್ತ ತಾಯಂದಿರೆಲ್ಲ ಇವರು ಹುಟ್ಟುವ ಮೊದಲೇ ಸತ್ತುಹೋದದ್ದರಿಂದ ಕಾಲದಲ್ಲಿ ಬಿಡಿಸಲಾಗದ ವಿರೋಧಾಭಾಸ ಹುಟ್ಟಿ, ವಿಶ್ವವೇ ಕರಗತೊಡಗುತ್ತದೆ. ಕೊನೆಗೆ ಅಪ್ಪ ವಿಶ್ವವನ್ನು ಮರುಜೋಡಿಸುತ್ತಾನೆ, ಮಕ್ಕಳು ಶಕ್ತಿಗಳಿಲ್ಲದೆ ಅಲ್ಲಿ ಕಣ್ಣು ತೆರೆಯುತ್ತಾರೆ.

ಹೊರಗಿನಿಂದ ನೋಡಿದರೆ ಪುನರಾವರ್ತನೆಯೇ. ಆದರೆ ಒಂದು ಪ್ರಳಯವನ್ನು ತಡೆಯಲು ಇವರು ಮಾಡಿದ್ದೇ ಇನ್ನೊಂದಕ್ಕೆ ಕಾರಣವಾಗುತ್ತ ಬರುತ್ತದೆ ಎಂಬುದನ್ನು ಗಮನಿಸಿ. ಮನೆಯೊಳಗಿನ ಜಗಳ ತೀರದೆ ಹೊರಗಿನ ಲೋಕ ಉಳಿಯುವುದಿಲ್ಲ ಎಂಬ ನಂಬಿಕೆಯ ಮೇಲೆ ಈ ಧಾರಾವಾಹಿ ನಿಂತಿದೆ. ಮೂರನೆಯ ಸೀಸನ್ನಿನಲ್ಲಿ ಮಾತ್ರ ಆ ಹೆಣಿಗೆ ಸಡಿಲವಾಗಿ, ಹೋಟೆಲಿನ ಕೋಣೆಗಳಲ್ಲಿಯೇ ಕಥೆ ಸುತ್ತಿತು ಎಂಬುದನ್ನು ಒಪ್ಪಬೇಕು.

## ನಾಲ್ಕನೆಯ ಸೀಸನ್ನನ್ನು ನೋಡಿ ಮುಗಿಸಿದವರಿಗೆ

ಆರು ವರ್ಷ ಕಳೆದು ಅವರೆಲ್ಲ ಹೀಗೆ ಆದದ್ದು ಯಾಕೆ?

ಶಕ್ತಿ ಹೋದ ಮೇಲೆ ಇವರಿಗೆ ಬಯಸಿದ್ದ ಸಾಮಾನ್ಯ ಬದುಕು ಸಿಕ್ಕಿತು, ಆದರೆ ಅದನ್ನು ಬಾಳುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಡಿಯಾಗೊ ಮತ್ತು ಲೈಲಾ ಮೂವರು ಮಕ್ಕಳ ಹೆತ್ತವರು, ಅವನು ಪಾರ್ಸೆಲ್ ಹಂಚುವ ಕೆಲಸದಲ್ಲಿದ್ದಾನೆ. ವಿಕ್ಟರ್ ಕೆನಡಾದ ನೋವಾ ಸ್ಕೋಶಿಯಾದಲ್ಲಿ ಬಾರ್ ನಡೆಸುತ್ತಾನೆ. ಲೂಥರ್ ಪಾಳುಬಿದ್ದ ಹಳೆಯ ಅಕಾಡೆಮಿಯಲ್ಲಿ ಒಬ್ಬನೇ ಇದ್ದು, ರಾತ್ರಿ ಗಗನಯಾತ್ರಿಯ ವೇಷದಲ್ಲಿ ಕುಣಿದು ಹೊಟ್ಟೆ ಹೊರೆಯುತ್ತಾನೆ. ಆಲಿಸನ್ ನಟಿಯಾಗಿ ಮತ್ತೆ ಮೇಲೆ ಬರಲು ಒದ್ದಾಡುತ್ತಿದ್ದಾಳೆ. ಕ್ಲಾಸ್ ಅಮಲು ಬಿಟ್ಟಿದ್ದಾನೆ, ಆದರೆ ರೋಗಾಣುಗಳಿಗೆ ಹೆದರಿ ಮುಟ್ಟುವುದನ್ನೆಲ್ಲ ಒರೆಸುತ್ತಾನೆ. ಸಾವಿಲ್ಲದ ದೇಹವನ್ನು ಕಳೆದುಕೊಂಡವನಿಗೆ ಮೊದಲ ಬಾರಿ ಸಾವಿನ ಭಯ ಹುಟ್ಟಿದೆ ಎಂಬುದನ್ನು ಈ ಒಂದು ಅಭ್ಯಾಸದಿಂದಲೇ ತೋರಿಸಿದ್ದು ಸೊಗಸಾಗಿದೆ. ಫೈವ್ ಅಮೆರಿಕದ ಗುಪ್ತಚರ ಸಂಸ್ಥೆಯಲ್ಲಿದ್ದಾನೆ, ಬೆನ್ ಜೈಲಿನಿಂದ ಆಗಷ್ಟೇ ಹೊರಬಂದಿದ್ದಾನೆ.

ಜೀನ್ ದಂಪತಿ ಯಾರು? ಅವರಿಗೆ ಎಂಥ ಬೇಕು?

ಗಂಡ ಹೆಂಡತಿ ಇಬ್ಬರನ್ನೂ ಜೀನ್ ಎಂದೇ ಕರೆಯುತ್ತಾರೆ. ಕಾಲೇಜು ಅಧ್ಯಾಪಕರಂತೆ ಕಾಣುವ ಈ ದಂಪತಿಯ ಪಾತ್ರಗಳನ್ನು ನಿಜಜೀವನದಲ್ಲಿಯೂ ದಂಪತಿಗಳಾದ ನಿಕ್ ಆಫರ್‌ಮನ್ ಮತ್ತು ಮೇಗನ್ ಮುಲಾಲಿ ಮಾಡಿದ್ದಾರೆ. ತಾವು ಬಾಳುತ್ತಿರುವ ಕಾಲಧಾರೆ ಸುಳ್ಳು, ನಿಜವಾದದ್ದು ಬೇರೊಂದಿದೆ ಎಂಬುದು ಅವರ ನಂಬಿಕೆ. ಅಳಿಸಿಹೋದ ಕಾಲಧಾರೆಗಳ ಚೂರುಪಾರು ವಸ್ತುಗಳನ್ನು ಕಲೆಹಾಕಿ, ಶುದ್ಧೀಕರಣವೆಂದು ಅವರು ಕರೆಯುವ ಮಹಾನಾಶಕ್ಕೆ ಕಾಯುತ್ತಾರೆ. ವಿಚಿತ್ರವೆಂದರೆ ಅವರು ಹೇಳುವುದು ಕಥೆಯ ಒಳಗೆ ನಿಜ. ಇಷ್ಟು ಒಳ್ಳೆಯ ಪಾತ್ರಗಳಿಗೆ ಕೊನೆಯ ಕಂತಿನಲ್ಲಿ ಮಾಡಲು ಹೆಚ್ಚಿನ ಕೆಲಸವೇ ಉಳಿಯಲಿಲ್ಲ.

ಮಾರಿಗೋಲ್ಡ್, ಡುರಾಂಗೊ ಅಂದರೆ ಎಂಥದ್ದು? ಬೆನ್ ಮತ್ತು ಜೆನಿಫರ್ ಸೇರಿದರೆ ಯಾಕೆ ಲೋಕ ಮುಗಿಯಬೇಕು?

ಮಾರಿಗೋಲ್ಡ್ ಎಂಬುದು ಹೊಳೆಯುವ ಕಣಗಳ ರೂಪದ ಪದಾರ್ಥ. ರೆಜಿನಾಲ್ಡ್‌ನ ಹೆಂಡತಿ ಅಬಿಗೇಲ್ ತಮ್ಮ ಮೂಲ ಗ್ರಹದಲ್ಲಿ ಅದನ್ನು ಸೃಷ್ಟಿಸಿದ್ದಳು. ರೆಜಿನಾಲ್ಡ್ ಅದನ್ನು ಭೂಮಿಗೆ ತಂದು ಬಿಟ್ಟದ್ದರಿಂದ 43 ಮಕ್ಕಳು ಹುಟ್ಟಿದರು. ಅದರೊಂದಿಗೇ ಹುಟ್ಟಿದ ವಿರುದ್ಧ ಪದಾರ್ಥ ಡುರಾಂಗೊ. ಇವೆರಡು ಮುಟ್ಟಿಕೊಂಡರೆ ತಡೆಯಲಾಗದ ಕ್ರಿಯೆ ಆರಂಭವಾಗಿ ಎಲ್ಲವನ್ನೂ ನುಂಗುತ್ತ ಹೋಗುತ್ತದೆ. ಅಬಿಗೇಲಳ ಗ್ರಹ ಹಾಳಾದದ್ದು ಹಾಗೆಯೇ. ಮಕ್ಕಳ ಮೈಯಲ್ಲಿರುವುದು ಮಾರಿಗೋಲ್ಡ್, ಜೆನಿಫರ್‌ಳ ಮೈಯಲ್ಲಿರುವುದು ಡುರಾಂಗೊ. ಈ ಸೀಸನ್ನಿನ ಬೆನ್ ಒಡಹುಟ್ಟಿದವರಿಗೆ ಹೇಳದೆಯೇ ಅವರ ಪಾನೀಯಕ್ಕೆ ಮಾರಿಗೋಲ್ಡ್ ಬೆರೆಸಿದ್ದರಿಂದ ಅದನ್ನು ಕುಡಿದವರಿಗೆ ಶಕ್ತಿ ಮರಳಿತು, ಬೆನ್ ಜೆನಿಫರ್‌ಳನ್ನು ಮುಟ್ಟಿದಾಗ ನಾಶವೂ ಆರಂಭವಾಯಿತು.

ಇದರ ಜೊತೆಗೆ ಮೊದಲ ಸೀಸನ್ನಿನಿಂದಲೂ ಉಳಿದಿದ್ದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಮೂಲ ಬೆನ್ ಸತ್ತದ್ದು ಹೇಗೆ? ಎಳವೆಯಲ್ಲಿ ಅವನು ಜೆನಿಫರ್‌ಳನ್ನು ಕಾಪಾಡಲು ಕೈ ಚಾಚಿದಾಗ, ರೆಜಿನಾಲ್ಡ್ ಇಬ್ಬರನ್ನೂ ಗುಂಡಿಟ್ಟು ಕೊಂದು, ಉಳಿದ ಮಕ್ಕಳ ನೆನಪಿನಿಂದ ಆ ದೃಶ್ಯವನ್ನು ಅಳಿಸಿದ್ದ. ಆ ಬಳಿಕ ಬೆನ್‌ನ ಸಾವಿಗೆ ನೀವೇ ಹೊಣೆ ಎಂಬ ಭಾವವನ್ನು ಆ ಮಕ್ಕಳು ಇಡೀ ಬದುಕು ಹೊತ್ತರು. ಊಟದ ಮೇಜಿನಿಂದ ಆರಂಭವಾದ ಕ್ರೌರ್ಯದ ತುದಿ ಇದು. ಇಂಥ ಸತ್ಯ ಹೊರಬಿದ್ದ ಮೇಲೆ ಒಂದು ಪೂರ್ತಿ ಕಂತು ಅದರ ಎದುರು ಕುಳಿತುಕೊಳ್ಳಬೇಕಾಗಿತ್ತು. ಕಥೆಗೆ ಆ ವ್ಯವಧಾನ ಇರಲಿಲ್ಲ.

ಫೈವ್ ಮತ್ತು ಲೈಲಾ ವಿಷಯ ಸರಿ ಉಂಟಾ? ನಮ್ಮ ಮನೆಯಲ್ಲಿ ಎಲ್ಲರೂ ಸಿಟ್ಟಾಗಿದ್ದಾರೆ.

ಈ ಸೀಸನ್ನಿನ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಅತಿ ಹೆಚ್ಚು ಇದೇ. ಕಾಲಧಾರೆಗಳ ನಡುವೆ ಓಡುವ ಸುರಂಗ ರೈಲಿನಲ್ಲಿ ಇಬ್ಬರೂ ದಾರಿತಪ್ಪಿ ವರ್ಷಗಳನ್ನು ಕಳೆಯುತ್ತಾರೆ, ಮರಳುವ ಆಸೆ ಬಿಟ್ಟ ಮೇಲೆ ಹತ್ತಿರವಾಗುತ್ತಾರೆ. ಹೊರಗೆ ಅವಳ ಗಂಡನಿಗೆ ಅದು ಕೆಲವೇ ಗಂಟೆಗಳ ಅವಧಿ. ಕಲ್ಪನೆ ತಪ್ಪಲ್ಲ. ಒಂಟಿತನ ಮನುಷ್ಯರನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನು ಫೈವ್‌ನಷ್ಟು ಬಲ್ಲ ಪಾತ್ರ ಇನ್ನೊಂದಿಲ್ಲ. ತಪ್ಪಿರುವುದು ಅಳತೆಯಲ್ಲಿ. ವರ್ಷಗಳ ಬದುಕನ್ನು ಒಂದು ಕಂತಿನ ಭಾಗದಲ್ಲಿ ಹೇಳಿ, ಅದರಿಂದ ಅಣ್ಣತಮ್ಮಂದಿರ ನಡುವೆ ಹುಟ್ಟಿದ ಬಿರುಕನ್ನು ಬೆಸೆಯಲು ಸಮಯ ಕೊಡದೆ ಇಬ್ಬರನ್ನೂ ಸಾವಿನ ಬಾಗಿಲಿಗೆ ತಂದು ನಿಲ್ಲಿಸಿದ್ದು ಅನ್ಯಾಯ. ಡಿಯಾಗೊನ ನೋವಿಗೆ ಸಿಕ್ಕಿದ್ದು ಒಂದು ಹೊಡೆದಾಟ ಮಾತ್ರ.

ಕೊನೆಗೆ ಅವರು ಯಾರೂ ಹುಟ್ಟಲೇ ಇಲ್ಲ ಅಂತ ಆಯಿತಲ್ಲ. ಹಾಗಾದರೆ ಇಷ್ಟು ನೋಡಿದ್ದು ಯಾಕೆ?

ಸಿಟ್ಟು ಅರ್ಥವಾಗುತ್ತದೆ. ಮಾರಿಗೋಲ್ಡ್ ಹೊತ್ತ ತಮ್ಮ ಇರವೇ ಕಾಲವನ್ನು ನೂರಾರು ಕವಲುಗಳಾಗಿ ಒಡೆದಿದೆ ಎಂದು ತಿಳಿದ ಮೇಲೆ, ಇವರು ಮಕ್ಕಳನ್ನು ಸುರಂಗ ರೈಲಿನಲ್ಲಿ ಸುರಕ್ಷಿತವಾಗಿ ಕಳುಹಿಸಿ, ಒಬ್ಬರ ಕೈ ಒಬ್ಬರು ಹಿಡಿದು ನಾಶಕ್ಕೆ ಒಪ್ಪಿಸಿಕೊಳ್ಳುತ್ತಾರೆ. ಆ ಬಳಿಕ ಉಳಿಯುವ ಒಂದೇ ಲೋಕದಲ್ಲಿ ಇವರನ್ನು ನೆನೆಯುವವರು ಯಾರೂ ಇಲ್ಲ.

ನನ್ನ ಆಕ್ಷೇಪ ತ್ಯಾಗದ ಬಗ್ಗೆ ಅಲ್ಲ, ಅದರ ಹಿಂದಿನ ತರ್ಕದ ಬಗ್ಗೆ. ನೀವು ಹುಟ್ಟಬಾರದಿತ್ತು ಎಂಬುದನ್ನೇ ಬಾಲ್ಯವಿಡೀ ಬೇರೆ ಬೇರೆ ರೀತಿಯಲ್ಲಿ ಕೇಳಿಸಿಕೊಂಡ ಮಕ್ಕಳಿಗೆ ಕಥೆಯೂ ಕೊನೆಗೆ ಅದನ್ನೇ ಹೇಳಿತು. ವಿಕ್ಟರ್‌ನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿದ ಅಪ್ಪನ ಭಯವನ್ನು ವಿಶ್ವವೇ ಅನುಮೋದಿಸಿದಂತಾಯಿತು. ಮೂರು ಸೀಸನ್‌ಗಳು ಕಟ್ಟಿದ ವಾದಕ್ಕೆ ಇದು ವಿರುದ್ಧ. ಆದರೂ ಆ ಕೊನೆಯ ನಿಮಿಷಗಳ ಅಭಿನಯವನ್ನು ತೆಗೆದುಹಾಕಲು ನನಗೆ ಮನಸ್ಸಿಲ್ಲ. ಅಪ್ಪನ ಆಜ್ಞೆಗೆ ಸಾಲಾಗಿ ನಿಲ್ಲುತ್ತಿದ್ದವರು ಇಲ್ಲಿ ಯಾರ ಆಜ್ಞೆಯೂ ಇಲ್ಲದೆ ವೃತ್ತವಾಗಿ ನಿಂತಿದ್ದಾರೆ. ಸಾವಿನ ಅಂಚಿನಲ್ಲಿಯೂ ಪರಸ್ಪರ ಛೇಡಿಸುತ್ತಾರೆ. ಅಷ್ಟರ ಮಟ್ಟಿಗೆ ಅವರು ಒಂದು ಕುಟುಂಬವಾದರು. ನೋಡಿದ್ದು ಅದಕ್ಕಾಗಿ.

ಕಾಮಿಕ್ಸ್ ಓದಿದರೆ ಬೇರೆ ಕಥೆ ಸಿಗ್ತದಾ?

ಸಿಗುತ್ತದೆ, ಮತ್ತು ಈ ಕೊನೆಯಿಂದ ಬೇಸರಗೊಂಡವರಿಗೆ ನಾನು ಕೊಡುವ ಸಲಹೆಯೂ ಅದೇ. ಸಂಗೀತಗಾರ ಜೆರಾರ್ಡ್ ವೇ ಬರೆದು, ಬ್ರೆಜಿಲ್‌ನ ಚಿತ್ರಕಲಾವಿದ ಗೇಬ್ರಿಯಲ್ ಬಾ ಚಿತ್ರಿಸಿದ, ಧಾರಾವಾಹಿಗೆ ಮೂಲವಾದ ಈ ಕಾಮಿಕ್ಸ್ ಅನ್ನು ಡಾರ್ಕ್ ಹಾರ್ಸ್ ಸಂಸ್ಥೆ 2007ರಿಂದ ಪ್ರಕಟಿಸಿತು. ಮೊದಲ ಸರಣಿಗೆ 2008ರಲ್ಲಿ ಐಸ್ನರ್ ಪ್ರಶಸ್ತಿ ಬಂತು. ಎರಡನೆಯದು 2008ರಲ್ಲಿ ಆರಂಭವಾಯಿತು, ಮೂರನೆಯದಕ್ಕೆ ಓದುಗರು 2018ರವರೆಗೆ ಕಾಯಬೇಕಾಯಿತು. ಧಾರಾವಾಹಿಯಲ್ಲಿ ಮಕ್ಕಳ ಮೊದಲ ಸಾಹಸ ಬ್ಯಾಂಕ್ ದರೋಡೆಯನ್ನು ತಡೆಯುವುದು, ಕಾಮಿಕ್ಸ್‌ನಲ್ಲಿ ಅವರು ಹುಚ್ಚೆದ್ದ ಐಫೆಲ್ ಗೋಪುರವನ್ನು ಎದುರಿಸುತ್ತಾರೆ. ಅಲ್ಲಿ ವಿಲಕ್ಷಣತೆ ಹೆಚ್ಚು, ವಿವರಣೆ ಕಡಿಮೆ, ಒಡಹುಟ್ಟಿದವರ ನಡುವಿನ ಮಾತುಕತೆಯೂ ಕಡಿಮೆ. ಲೈಲಾ ಅಲ್ಲಿಲ್ಲ, ಅವಳು ಧಾರಾವಾಹಿಗಾಗಿಯೇ ಹುಟ್ಟಿದವಳು. ಮೊದಲ ಸರಣಿಯ ಆರು ಸಂಚಿಕೆಗಳು ಒಂದೇ ಪುಸ್ತಕವಾಗಿ ಸಿಗುವುದರಿಂದ ಅಲ್ಲಿಂದಲೇ ಆರಂಭಿಸಿ.